ಹಳೆಯ ಇಟ್ಟಿಗೆ ಮನೆ ಕಲಿಸುವ ಪಾಠ

ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲಿ, ಜ್ಞಾನಭಾರತಿ ಆವರಣದ ಸಮೀಪದಲ್ಲಿ, ಮಲ್ಲತ್ತಹಳ್ಳಿ ಎಂಬ ಊರಿದೆ. ಹೆಸರಿನಲ್ಲಿ ಹಳ್ಳಿ ಉಳಿದಿದೆಯೇ ಹೊರತು, ಊರು ಈಗ ನಗರದೊಳಗೆ ಸೇರಿಹೋಗಿದೆ. ಕಲಾಗ್ರಾಮದಲ್ಲಿ ನಾಟಕ ನೋಡಲು ಬರುವವರು ಅಲ್ಲಿನ ವಿಶಾಲವಾದ ಕೆರೆಯನ್ನೂ ಕಂಡಿರಬಹುದು. ಸುತ್ತಲೂ ಕಾಂಕ್ರೀಟಿನ ಎತ್ತರದ ಕಟ್ಟಡಗಳು. ಆದರೆ ಬೆಂಗಳೂರಿನ ಸುತ್ತಣ ಇಂತಹ ಊರುಗಳ ಹಳೆಯ ಬೀದಿಗಳಲ್ಲಿಯೂ, ಮಲ್ಲೇಶ್ವರ, ಬಸವನಗುಡಿಗಳಂತಹ ಹಳೆಯ ಬಡಾವಣೆಗಳಲ್ಲಿಯೂ ಮತ್ತೊಂದು ಜಾತಿಯ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದುಕೊಂಡಿವೆ. ಕಲ್ಲಿನ ತಳಪಾಯ, ದಪ್ಪನಾದ ಇಟ್ಟಿಗೆಯ ಗೋಡೆ, ಸುಣ್ಣದ ಗಾರೆ, ಮರದ ತೊಲೆಗಳ ಮೇಲೆ ಕೂತ ತಾರಸಿ, ಮುಂದೆ ಜಗುಲಿ, ನಡುವೆ ತೊಟ್ಟಿ: ಇವು ಆ ಮನೆಗಳ ಲಕ್ಷಣಗಳು.

ವರ್ಷದಿಂದ ವರ್ಷಕ್ಕೆ ಇವುಗಳ ಸಂಖ್ಯೆ ಇಳಿಯುತ್ತಿದೆ. ಮಾಲೀಕನನ್ನು ದೂಷಿಸಿ ಫಲವಿಲ್ಲ. ಸೋರುವ ಸೂರು, ಉದುರುವ ಗಿಲಾವು, ಬೆಳೆಯುವ ಕುಟುಂಬ, ಏರುವ ನೆಲದ ಬೆಲೆ ಇವೆಲ್ಲವೂ ಆತನನ್ನು ಒತ್ತಾಯಿಸುತ್ತವೆ. ಆದರೆ ಒಂದು ಮಾತನ್ನು ನಾವು ಕೇಳಿಕೊಳ್ಳಲೇಬೇಕು. ಇಂತಹ ಮನೆಯನ್ನು ಕೆಡವುವಾಗ ನಾವು ಕೆಡವುತ್ತಿರುವುದು ಏನನ್ನು ಎಂಬುದು ನಮಗೆ ತಿಳಿದಿದೆಯೆ? ಅದನ್ನು ಕಟ್ಟಿದವರು ಎಂಜಿನಿಯರಿಂಗ್ ಕಾಲೇಜಿಗೆ ಹೋದವರಲ್ಲ. ಆದರೂ ಭಾರ, ಉಷ್ಣ, ತೇವ, ಗಾಳಿ ಇವುಗಳ ಸ್ವಭಾವವನ್ನು ಅನುಭವದಿಂದ ಅರಿತಿದ್ದರು. ಅವರು ಬರೆದಿಟ್ಟ ಪುಸ್ತಕ ಈ ಮನೆಯೇ. ಅದನ್ನು ಅಡಿಯಿಂದ ಮುಡಿಯವರೆಗೆ ಓದುವ ಬಗೆ ಹೇಗೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಕೆಸರು ಕಲ್ಲಾಗುವ ಬಗೆ

ಬೆಂಗಳೂರು ಪ್ರಸ್ಥಭೂಮಿಯ ಬುಡದಲ್ಲಿರುವುದು ನೈಸ್ ಮತ್ತು ಗ್ರಾನೈಟ್ ಜಾತಿಯ ಅತಿ ಪ್ರಾಚೀನವಾದ ಶಿಲೆ. ಮಳೆ ಬಿಸಿಲುಗಳ ಹೊಡೆತಕ್ಕೆ ಈ ಶಿಲೆಯಲ್ಲಿನ ಫೆಲ್ಡ್‌ಸ್ಪಾರ್ ಎಂಬ ಖನಿಜವು ಕಾಲಕ್ರಮದಲ್ಲಿ ಶಿಥಿಲವಾಗಿ ಜೇಡಿಯಾಗುತ್ತದೆ. ಕಬ್ಬಿಣಾಂಶವು ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣವನ್ನು ಕೊಡುತ್ತದೆ. ಮಳೆಯ ನೀರು ಈ ಮಣ್ಣನ್ನು ಹೊತ್ತು ತಗ್ಗಿಗೆ ಹರಿಯುವಾಗ ದಪ್ಪ ಮರಳು ದಾರಿಯಲ್ಲಿಯೇ ನಿಂತು, ನುಣ್ಣನೆಯ ಜೇಡಿ ಕೆರೆಯ ಅಂಗಳವನ್ನು ಸೇರುತ್ತದೆ. ಹೀಗೆ ಕೆರೆಯು ನೀರಿನ ಭಂಡಾರವಷ್ಟೇ ಅಲ್ಲ, ಮಣ್ಣನ್ನು ಜಾಲಿಸಿ ಕೊಡುವ ಒಂದು ಯಂತ್ರವೂ ಹೌದು. ಬೇಸಗೆಯಲ್ಲಿ ಒಣಗಿದ ಕೆರೆಯ ಹೂಳನ್ನು ತೆಗೆದು ಇಟ್ಟಿಗೆ ಕೊಯ್ಯುವುದು ಬೆಂಗಳೂರಿನ ಸುತ್ತ ನಡೆದುಬಂದ ಪದ್ಧತಿ. ಹೂಳೆತ್ತಿದ್ದರಿಂದ ಕೆರೆ ಆಳವಾಯಿತು, ಊರಿಗೆ ಇಟ್ಟಿಗೆಯೂ ದೊರೆಯಿತು.

ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಒಣಗಿಸಿದರೆ ಅದು ಗಟ್ಟಿಯಾಗುವುದು ನಿಜ, ಆದರೆ ನೀರು ತಾಗಿದೊಡನೆ ಮತ್ತೆ ಕೆಸರಾಗುತ್ತದೆ. ಗೂಡಿನಲ್ಲಿ ಸುಟ್ಟಾಗ ಆಗುವ ಬದಲಾವಣೆ ಬೇರೆಯ ತರಹದ್ದು. ಉಷ್ಣತೆ 500 ರಿಂದ 600 ಡಿಗ್ರಿ ಸೆಲ್ಸಿಯಸ್ ತಲುಪುವಾಗ ಜೇಡಿಯ ಕಣಗಳೊಳಗೆ ರಾಸಾಯನಿಕವಾಗಿ ಕೂಡಿಕೊಂಡಿದ್ದ ನೀರು ಹೊರಟುಹೋಗುತ್ತದೆ. ಆ ಬಳಿಕ ನೀರು ಸುರಿದರೂ ಅದು ಹಿಂದಿನ ಜೇಡಿಯಾಗದು. 900 ಡಿಗ್ರಿಯನ್ನು ದಾಟಿದಾಗ ಕಣಗಳ ಅಂಚುಗಳು ತುಸು ಕರಗಿ ಗಾಜಿನಂತಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೆಸರು ಕಲ್ಲಾಗುವುದು ಹೀಗೆ. ಸರಿಯಾಗಿ ಬೆಂದ ಎರಡು ಇಟ್ಟಿಗೆಗಳನ್ನು ತಟ್ಟಿದರೆ ಲೋಹದ ನಾದ ಬರುತ್ತದೆ. ಬೇಯದ ಇಟ್ಟಿಗೆ ಬೊದ್ದೆನ್ನುತ್ತದೆ. ಸಾಮಾನ್ಯವಾಗಿ ಒಳ್ಳೆಯ ಇಟ್ಟಿಗೆಯು ಒಂದು ದಿನ ನೀರಿನಲ್ಲಿ ಮುಳುಗಿದ್ದರೂ ತನ್ನ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ನೀರನ್ನು ಹೀರಬಾರದು.

ಒಂದಕ್ಕೆ ಎರಡು

ಹಳೆಯ ಗೋಡೆಯ ಗಿಲಾವು ಉದುರಿದ ಎಡೆಯಲ್ಲಿ ಇಟ್ಟಿಗೆಯನ್ನು ಅಳೆದು ನೋಡಿ. ಅದರ ಉದ್ದವು ಅಗಲದ ಎರಡರಷ್ಟಿರುವುದು ಕಾಣುತ್ತದೆ. ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಹರಪ್ಪಾ ನಾಗರಿಕತೆಯ ಜನ ದಪ್ಪ, ಅಗಲ, ಉದ್ದಗಳನ್ನು 1 : 2 : 4 ಎಂಬ ಪ್ರಮಾಣದಲ್ಲಿ ಇಟ್ಟು ಇಟ್ಟಿಗೆಗಳನ್ನು ಸುಟ್ಟರು. ಇಂದು ಭಾರತದಲ್ಲಿ ಪ್ರಮಾಣೀಕೃತವಾದ ಇಟ್ಟಿಗೆ 190 ಮಿಲಿಮೀಟರ್ ಉದ್ದ, 90 ಮಿಲಿಮೀಟರ್ ಅಗಲ. ಎರಡರಷ್ಟಾಗಲು 180 ಸಾಕಾಗಿತ್ತಲ್ಲ, ಉಳಿದ 10 ಏತಕ್ಕೆ? ಅದು ಗಾರೆಯ ಸಂದಿನ ದಪ್ಪ. ಅಡ್ಡಲಾಗಿ ಇಟ್ಟ ಎರಡು ಇಟ್ಟಿಗೆಗಳೂ ಅವುಗಳ ನಡುವಣ ಸಂದೂ ಕೂಡಿ, ಉದ್ದಕ್ಕೆ ಇಟ್ಟ ಒಂದು ಇಟ್ಟಿಗೆಗೆ ಸರಿಸಮನಾಗಬೇಕು.

ಈ ಲೆಕ್ಕಾಚಾರದ ಪ್ರಯೋಜನವು ಇಟ್ಟಿಗೆಗಳ ಹೆಣಿಗೆಯಲ್ಲಿ ಗೋಚರಿಸುತ್ತದೆ. ಉದ್ದದ ಮೈ ಹೊರಗೆ ಕಾಣುವಂತೆ ಇಟ್ಟ ಇಟ್ಟಿಗೆಗೆ ಸ್ಟ್ರೆಚರ್ ಎಂದೂ, ತಲೆ ಮಾತ್ರ ಹೊರಗೆ ಕಾಣುವಂತೆ ಗೋಡೆಯ ಒಳಕ್ಕೆ ಅಡ್ಡಲಾಗಿ ಹೊಗಿಸಿದ ಇಟ್ಟಿಗೆಗೆ ಹೆಡರ್ ಎಂದೂ ಹೆಸರು. ಒಂದು ವರಸೆ ಪೂರ್ತಿ ಸ್ಟ್ರೆಚರ್, ಅದರ ಮೇಲಿನ ವರಸೆ ಪೂರ್ತಿ ಹೆಡರ್ ಆದರೆ ಅದು ಇಂಗ್ಲಿಷ್ ಹೆಣಿಗೆ. ಒಂದೇ ವರಸೆಯಲ್ಲಿ ಇವೆರಡೂ ಒಂದು ಬಿಟ್ಟು ಒಂದು ಬಂದರೆ ಫ್ಲೆಮಿಷ್ ಹೆಣಿಗೆ. ಯಾವ ಹೆಣಿಗೆಯಾದರೂ ಸೂತ್ರ ಒಂದೇ: ಕೆಳಗಿನ ವರಸೆಯ ಸಂದಿನ ನೇರಕ್ಕೆ ಮೇಲಿನ ವರಸೆಯ ಸಂದು ಬರಬಾರದು. ಬಂದರೆ ಗೋಡೆಯು ಒಂದರ ಪಕ್ಕದಲ್ಲೊಂದು ನಿಂತ ಬಿಡಿ ಕಂಬಗಳಂತಾಗಿ ಸೀಳುತ್ತದೆ. ಬಾರದಿದ್ದರೆ ಒಂದು ಇಟ್ಟಿಗೆಯ ಮೇಲೆ ಬಿದ್ದ ಭಾರವು ಕೆಳಗಿನ ಎರಡಕ್ಕೆ, ಆ ಎರಡರಿಂದ ಮೂರಕ್ಕೆ ಹರಡಿ, ನೆಲ ಮುಟ್ಟುವ ವೇಳೆಗೆ ವಿಶಾಲವಾದ ತಳದ ಮೇಲೆ ಹಂಚಿಹೋಗಿರುತ್ತದೆ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಳೆಯ ಇಟ್ಟಿಗೆ ಮನೆಗಳ ಕಾಲವನ್ನು ಅರಿಯಲು ವಿದ್ವಾಂಸರು ಹೆಣಿಗೆಯನ್ನೂ ಇಟ್ಟಿಗೆಯ ಅಳತೆಯನ್ನೂ ಸಾಕ್ಷಿಗಳಾಗಿ ಬಳಸುತ್ತಾರೆ. ಇದಕ್ಕೆ ಒಂದು ಸ್ವಾರಸ್ಯವಾದ ಕಾರಣವಿದೆ. 1784 ರಲ್ಲಿ ಅಲ್ಲಿನ ಸರ್ಕಾರವು ಸಾವಿರ ಇಟ್ಟಿಗೆಗೆ ಇಷ್ಟೆಂದು ತೆರಿಗೆಯನ್ನು ಹೇರಿತು. ತೆರಿಗೆ ಎಣಿಕೆಯ ಮೇಲಾದ್ದರಿಂದ ಕೆಲವರು ಇಟ್ಟಿಗೆಯ ಗಾತ್ರವನ್ನೇ ಹಿಗ್ಗಿಸಿದರು! ಆ ಬಳಿಕ ದೊಡ್ಡ ಇಟ್ಟಿಗೆಗೆ ಹೆಚ್ಚಿನ ತೆರಿಗೆ ಬಂದಿತು. 1850 ರಲ್ಲಿ ತೆರಿಗೆಯೇ ರದ್ದಾಯಿತು. ಈ ವಿದ್ಯಮಾನಗಳ ಗುರುತು ಗೋಡೆಗಳಲ್ಲಿ ಉಳಿದಿದೆ. ನಮ್ಮ ಮನೆಗಳ ಇಟ್ಟಿಗೆಗಳನ್ನೂ ಹೀಗೆ ಊರೂರಿಗೆ ಅಳೆದು ಪಟ್ಟಿಮಾಡುವುದು ವಿದ್ಯಾರ್ಥಿಗಳಿಗೆ ತಕ್ಕ ಕೆಲಸ.

ಗೋಡೆಯ ದಪ್ಪದ ಗುಟ್ಟು

ಹಳೆಯ ಮನೆಯ ಗೋಡೆ ಕೆಲವೆಡೆ 9 ಅಂಗುಲ, ಕೆಲವೆಡೆ ಒಂದೂವರೆ ಅಡಿ ದಪ್ಪವಿರುವುದುಂಟು. ಸೂರಿನ ಭಾರವನ್ನು ಹೊರಲು ಇಷ್ಟೊಂದು ದಪ್ಪ ಬೇಕೆ? ಲೆಕ್ಕ ಹಾಕಿ ನೋಡೋಣ. ಒಂದು ಘನ ಮೀಟರ್ ಇಟ್ಟಿಗೆಗೋಡೆಯ ತೂಕ ಸುಮಾರು 1800 ಕಿಲೋಗ್ರಾಂ. ಗೋಡೆಯ ಎತ್ತರ 3 ಮೀಟರ್ ಆದರೆ, ಅದರ ಬುಡದಲ್ಲಿ ಪ್ರತಿ ಚದರ ಮೀಟರಿನ ಮೇಲೆ 5400 ಕಿಲೋಗ್ರಾಂ, ಅಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಅರ್ಧ ಕಿಲೋಗ್ರಾಮಿಗಿಂತ ತುಸು ಹೆಚ್ಚು ಭಾರ ಬೀಳುತ್ತದೆ. ತಾರಸಿಯ ಭಾರ ಸೇರಿದರೂ ಒಂದು ಕಿಲೋಗ್ರಾಮಿನ ಆಸುಪಾಸು. ಪ್ರಮಾಣೀಕೃತ ಇಟ್ಟಿಗೆಗಳಲ್ಲಿ ತೀರ ಕೆಳದರ್ಜೆಯದು ಕೂಡ ಚದರ ಸೆಂಟಿಮೀಟರಿಗೆ 35 ಕಿಲೋಗ್ರಾಮಿನಷ್ಟು ಒತ್ತಡವನ್ನು ತಡೆಯಬಲ್ಲುದು. ಗಾರೆಯೊಡನೆ ಕೂಡಿ ಗೋಡೆಯಾದಾಗ ಈ ಬಲ ಮೂರು ನಾಲ್ಕು ಪಾಲು ತಗ್ಗುವುದೆಂದಿಟ್ಟುಕೊಂಡರೂ, ಗೋಡೆಯು ಜಜ್ಜಿಹೋಗುವ ಭಯವಿಲ್ಲ.

ಹಾಗಾದರೆ ದಪ್ಪವೇಕೆ? ಮೊದಲನೆಯ ಕಾರಣ, ತೆಳುವಾದ ಎತ್ತರದ ಗೋಡೆ ಜಜ್ಜಿಹೋಗುವುದಕ್ಕೆ ಮುನ್ನ ಬಾಗಿ ಬೀಳುತ್ತದೆ. ಇಸ್ಪೀಟಿನ ಎಲೆಯೊಂದನ್ನು ನಿಲ್ಲಿಸಿ ಮೇಲಿನಿಂದ ಒತ್ತಿದರೆ ಇದು ತಿಳಿಯುತ್ತದೆ. ಎರಡನೆಯ ಕಾರಣ, ಕಮಾನುಗಳು ಗೋಡೆಯನ್ನು ಪಕ್ಕಕ್ಕೆ ತಳ್ಳುತ್ತವೆ. ಆ ತಳ್ಳುವಿಕೆಯನ್ನು ತಡೆಯಲು ತೂಕ ಬೇಕು. ಮೂರನೆಯ ಕಾರಣ ಉಷ್ಣ. ಇಟ್ಟಿಗೆ ಉಷ್ಣವನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಅದನ್ನು ತನ್ನಲ್ಲಿ ಕೂಡಿಟ್ಟುಕೊಂಡು ನಿಧಾನವಾಗಿ ಒಳಕ್ಕೆ ಸಾಗಿಸುತ್ತದೆ. 9 ಅಂಗುಲದ ಗೋಡೆಯನ್ನು ಉಷ್ಣದ ಅಲೆಯೊಂದು ದಾಟಲು ಸುಮಾರು 6 ರಿಂದ 7 ಗಂಟೆಗಳು ಬೇಕು. ಮಧ್ಯಾಹ್ನ ಎರಡು ಗಂಟೆಗೆ ಪಡುವಣ ಗೋಡೆಗೆ ಬಡಿದ ಬಿಸಿಲಿನ ಪರಿಣಾಮ ಒಳಗೆ ತಿಳಿಯುವುದು ರಾತ್ರಿ ಎಂಟು ಒಂಬತ್ತರ ವೇಳೆಗೆ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಆ ಹೊತ್ತಿಗೆ ಹೊರಗಿನ ಗಾಳಿ ತಂಪಾಗಿರುತ್ತದೆ. ಹಗಲಿನ ಸೆಕೆಯೂ ಇಲ್ಲ, ಇರುಳಿನ ಚಳಿಯೂ ಇಲ್ಲ. ಅದೇ ಗೋಡೆಯನ್ನು ನಾಲ್ಕೂವರೆ ಅಂಗುಲಕ್ಕೆ ಇಳಿಸಿದರೆ ಈ ವಿಳಂಬವು ಅರ್ಧಕ್ಕೆ ಇಳಿದು, ಸಂಜೆಯ ಹೊತ್ತಿಗೇ ಕೋಣೆ ಕಾಯತೊಡಗುತ್ತದೆ.

ಗಾರೆಯ ರಸಾಯನ

ಇನ್ನು ಇಟ್ಟಿಗೆಗಳನ್ನು ಕೂಡಿಸುವ ಗಾರೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. 100 ಸೇರು ಶುದ್ಧವಾದ ಕಲ್ಲಿನಿಂದ ದೊರೆಯುವುದು 56 ಸೇರು ಸುಣ್ಣ. ಉಳಿದ 44 ಸೇರು ಗಾಳಿಗೆ ಹೋಯಿತು. ಇದಕ್ಕೆ ನೀರೆರೆದರೆ ಬುಸುಗುಟ್ಟಿ, ಕಾವು ಹೊಮ್ಮಿಸಿ, ಅರಳಿ ನುಣ್ಣನೆಯ ಹುಡಿಯಾಗುತ್ತದೆ. ಮರಳಿನೊಡನೆ ಅದನ್ನು ಬೆರೆಸಿ, ಎತ್ತುಗಳು ಎಳೆಯುವ ಗಾಣದಲ್ಲಿ ಅರೆದರೆ ಗಾರೆ ಸಿದ್ಧ. ಗೋಡೆ ಸೇರಿದ ಮೇಲೆ ಈ ಸುಣ್ಣವು ತಾನು ಕಳೆದುಕೊಂಡಿದ್ದ ಅನಿಲವನ್ನೇ ಗಾಳಿಯಿಂದ ಮೆಲ್ಲಮೆಲ್ಲನೆ ಹೀರಿ ಮರಳಿ ಸುಣ್ಣದ ಕಲ್ಲಾಗುತ್ತದೆ. ಕಲ್ಲು ಸುಣ್ಣವಾಗಿ, ಸುಣ್ಣ ಮತ್ತೆ ಕಲ್ಲಾಗುವ ಈ ಚಕ್ರ ತಿಂಗಳುಗಳಲ್ಲ, ದಪ್ಪ ಗೋಡೆಯಲ್ಲಿ ವರ್ಷಗಳನ್ನೇ ತೆಗೆದುಕೊಳ್ಳುತ್ತದೆ.

ಗಾಳಿಯಾಡದ ಎಡೆಯಲ್ಲಿ, ನೀರಿನಡಿಯಲ್ಲಿ ಏನು ಗತಿ? ಅದಕ್ಕೆ ಹಿರಿಯರು ಕಂಡುಕೊಂಡ ಉಪಾಯ ಸುರ್ಕಿ. ಚೆನ್ನಾಗಿ ಸುಟ್ಟ ಜೇಡಿಯ ಅಥವಾ ಇಟ್ಟಿಗೆಯ ನುಣ್ಣನೆಯ ಪುಡಿಯೇ ಸುರ್ಕಿ. ಅದರಲ್ಲಿರುವ ಸಿಲಿಕ ಮತ್ತು ಅಲ್ಯುಮಿನಗಳು ನೀರಿನ ಸನ್ನಿಧಿಯಲ್ಲಿ ಸುಣ್ಣದೊಡನೆ ಕೂಡಿ, ಗಾಳಿಯ ಹಂಗಿಲ್ಲದೆ ಗಟ್ಟಿಯಾಗುತ್ತವೆ. ಪ್ರಾಚೀನ ರೋಮನರು ಜ್ವಾಲಾಮುಖಿಯ ಬೂದಿಯಿಂದ ಪಡೆದ ಗುಣವನ್ನೇ ನಮ್ಮವರು ಇಟ್ಟಿಗೆಯ ಪುಡಿಯಿಂದ ಪಡೆದರು. ಇದೇನು ಬಡವರ ಗಾರೆಯೆಂದು ಹಳಿಯುವಂತಿಲ್ಲ. 1911 ರಲ್ಲಿ ಪ್ರಾರಂಭವಾಗಿ 1931 ರಲ್ಲಿ ಮುಗಿದ ಕೃಷ್ಣರಾಜಸಾಗರದ ಕಟ್ಟೆ ಸುರ್ಕಿ ಗಾರೆಯಿಂದಲೇ ಕಟ್ಟಿದ್ದು. ಕಾವೇರಿಯ ನೀರನ್ನು ಅದು ಇಂದಿಗೂ ತಡೆದು ನಿಂತಿದೆ.

ಕಮಾನಿನ ಬಲ

ಬಾಗಿಲು ಕಿಟಕಿಗಳ ಮೇಲೆ ನೋಡಿ. ಇಟ್ಟಿಗೆಯು ಒತ್ತಡವನ್ನು ತಡೆಯಬಲ್ಲುದೇ ಹೊರತು ಎಳೆತವನ್ನು ತಡೆಯಲಾರದು. ಇಟ್ಟಿಗೆಗಳನ್ನು ಬಾಗಿಲಿನ ಮೇಲೆ ಸಾಲಾಗಿ ಮಲಗಿಸಿದರೆ ನಡುವೆ ಜೋತು, ಕೆಳಮೈ ಹಿಗ್ಗಿ, ಮುರಿದು ಬೀಳುತ್ತವೆ. ಅದಕ್ಕೆ ಎರಡು ದಾರಿಗಳು. ಎಳೆತವನ್ನು ತಡೆಯಬಲ್ಲ ಮರದ ತೊಲೆಯನ್ನೋ ಕಲ್ಲಿನ ಚಪ್ಪಡಿಯನ್ನೋ ಅಡ್ಡಲಾಗಿ ಇಡುವುದು ಒಂದು. ಎಳೆತವೇ ಹುಟ್ಟದಂತೆ ಇಟ್ಟಿಗೆಗಳನ್ನು ಬಿಲ್ಲಿನಾಕಾರದಲ್ಲಿ ಜೋಡಿಸುವುದು ಇನ್ನೊಂದು. ಕಮಾನಿನಲ್ಲಿ ಪ್ರತಿಯೊಂದು ಇಟ್ಟಿಗೆಯೂ ಬೀಳಲು ಹವಣಿಸುತ್ತದೆ. ಆದರೆ ಅಕ್ಕಪಕ್ಕದವು ಅದನ್ನು ಒತ್ತಿ ಹಿಡಿದಿರುವುದರಿಂದ ಯಾವುದೂ ಬೀಳುವುದಿಲ್ಲ. ಮೇಲಿನ ಭಾರ ಬಿಲ್ಲಿನ ಗುಂಟ ಹರಿದು ಎರಡು ಬದಿಯ ಗೋಡೆಗೆ ಇಳಿಯುತ್ತದೆ. ಇಳಿಯುವಾಗ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಕಮಾನು ಚಪ್ಪಟೆಯಾದಷ್ಟೂ ಈ ತಳ್ಳುವಿಕೆ ಹೆಚ್ಚು. ಅಗಲವನ್ನು ಹಾಗೆಯೇ ಇಟ್ಟು ಎತ್ತರವನ್ನು ಅರ್ಧಕ್ಕೆ ಇಳಿಸಿದರೆ ತಳ್ಳುವಿಕೆಯು ಇಮ್ಮಡಿಯಾಗುತ್ತದೆ.

ಈ ತತ್ತ್ವವನ್ನು ಅದರ ಅಂಚಿನವರೆಗೂ ಒಯ್ದು ಪರೀಕ್ಷಿಸಿದ ಪ್ರಸಂಗವೊಂದು ಶ್ರೀರಂಗಪಟ್ಟಣದಲ್ಲಿ ನಡೆಯಿತು. ಮದರಾಸಿನ ಸೈನ್ಯದ ಎಂಜಿನಿಯರ್ ಆಗಿದ್ದ ಥಾಮಸ್ ಡಿ ಹ್ಯಾವಿಲೆಂಡ್ ಎಂಬಾತ, ಬಹು ಅಗಲವಾದ ಚಪ್ಪಟೆ ಕಮಾನುಗಳಿಂದ ಕಾವೇರಿಗೆ ಸೇತುವೆ ಕಟ್ಟಬಹುದೆಂದು ನಂಬಿದ್ದನು. ನಂಬದವರಿಗೆ ತೋರಿಸಲು 1808 ರ ಸುಮಾರಿಗೆ ತನ್ನ ಮನೆಯ ತೋಟದಲ್ಲಿಯೇ 100 ಅಡಿಗೂ ಮಿಕ್ಕ ಅಗಲದ ಇಟ್ಟಿಗೆಯ ಕಮಾನನ್ನು ಕಟ್ಟಿ ನಿಲ್ಲಿಸಿದನು. ನಡುವೆ ನಿಂತು ಕುಪ್ಪಳಿಸಿದರೆ ಕಮಾನು ಅದುರುತ್ತಿತ್ತಂತೆ. ಆದುದರಿಂದಲೇ ಜನ ಅದನ್ನು ತೂಗುವ ಕಮಾನೆಂದು ಕರೆದರು. ಕಬ್ಬಿಣದ ಒಂದು ಸರಳೂ ಇಲ್ಲದೆ, ಅದು ಶತಮಾನಕ್ಕೂ ಮೀರಿ ನಿಂತು 1930 ರ ದಶಕದಲ್ಲಿ ಕುಸಿಯಿತು. ನಮ್ಮ ಹಳೆಯ ಮನೆಯ ನಾಲ್ಕು ಅಡಿ ಕಿಟಕಿಯ ಮೇಲಿರುವ ಕಮಾನು ಇದರ ಚಿಕ್ಕ ತಮ್ಮನೇ ಸರಿ. ಅದರ ಪಕ್ಕದ ಗೋಡೆಯನ್ನು ಒಡೆದು ಹೊಸ ಬಾಗಿಲು ಇಡುವವರು ಈ ಬಂಧುತ್ವವನ್ನು ಮರೆಯಬಾರದು. ತಳ್ಳುವಿಕೆಯನ್ನು ತಡೆಯುವ ಗೋಡೆ ಹೋದರೆ ಕಮಾನೂ ಹೋಗುತ್ತದೆ.

ತಲೆಯ ಮೇಲಿನ ತಾರಸಿ

ಇಳಿಜಾರು ಸೂರಿನ ಮನೆಗಳಿಗೆ ಮೊದಲು ನಾಡಹೆಂಚು, ಆಮೇಲೆ ಮಂಗಳೂರು ಹೆಂಚು ಬಂದವು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದುದು 1865 ರಲ್ಲಿ. ಆದರೆ ಬೆಂಗಳೂರಿನ ಹಳೆಯ ಇಟ್ಟಿಗೆ ಮನೆಗಳ ನಿಜವಾದ ಕೌಶಲವಿರುವುದು ಮದ್ರಾಸ್ ತಾರಸಿ ಎಂದು ಹೆಸರಾದ ಚಪ್ಪಟೆ ಮಾಳಿಗೆಯಲ್ಲಿ. 1898 ರಲ್ಲಿ ಪ್ಲೇಗು ಬೆಂಗಳೂರನ್ನು ನಡುಗಿಸಿದ ಮೇಲೆ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಬೆಳೆದಾಗ ಅಲ್ಲಿ ಇಂತಹ ತಾರಸಿಯ ಮನೆಗಳು ಬಹಳವಾಗಿ ಎದ್ದವು.

ಕೆಳಗೆ ನಿಂತು ತಲೆಯೆತ್ತಿ ನೋಡಿದರೆ ಮೊದಲು ತೊಲೆಗಳು, ಅವುಗಳ ಮೇಲೆ ಅಡ್ಡಲಾಗಿ ಜಂತೆಗಳು, ಜಂತೆಗಳ ನಡುವೆ ತೆಳ್ಳನೆಯ ಚಿಕ್ಕ ಇಟ್ಟಿಗೆಗಳು ಕಾಣುತ್ತವೆ. ಅಂಗುಲದಷ್ಟೇ ದಪ್ಪದ ಈ ತಾರಸಿ ಇಟ್ಟಿಗೆಗಳನ್ನು ಮಲಗಿಸುವುದಿಲ್ಲ. ಪಕ್ಕೆಯ ಮೇಲೆ ನಿಲ್ಲಿಸಿ, ಜಂತೆಗೆ ಓರೆಯಾಗಿ ಒಂದು ಮೂಲೆಯಿಂದ ಸುಣ್ಣದ ಗಾರೆಯಲ್ಲಿ ಒತ್ತಿ ಅಂಟಿಸುತ್ತ ಹೋಗುತ್ತಾರೆ. ಪ್ರತಿಯೊಂದು ಸಾಲೂ ಹಿಂದಿನ ಸಾಲಿಗೆ ಅಂಟಿ ನಿಲ್ಲುವುದರಿಂದ ಕೆಳಗೆ ಹಲಗೆಯ ಆಸರೆ ಬೇಕಿಲ್ಲ. ಅದರ ಮೇಲೆ ಇಟ್ಟಿಗೆಯ ಜಲ್ಲಿಯನ್ನೂ ಸುಣ್ಣವನ್ನೂ ಕಲಸಿದ ಕಾಂಕ್ರೀಟನ್ನು ಮೂರು ನಾಲ್ಕು ಅಂಗುಲ ಹರಡುತ್ತಾರೆ. ಬಳಿಕ ಆಳುಗಳು ಸಾಲಾಗಿ ಕೂತು, ಬೆಲ್ಲದ ನೀರನ್ನೂ ಅಳಲೆಕಾಯಿ ನೆನೆಸಿದ ನೀರನ್ನೂ ಚಿಮುಕಿಸುತ್ತ, ಮರದ ಹಲಗೆಗಳಿಂದ ದಿನಗಟ್ಟಲೆ ಬಡಿಯುತ್ತಾರೆ. ಹಲಗೆ ಬಡಿದೊಡನೆ ಪುಟಿದು ಮೇಲೇಳುವಷ್ಟು ಗಟ್ಟಿಯಾದಾಗ ಬಡಿತವನ್ನು ನಿಲ್ಲಿಸುತ್ತಾರೆ. ಬಡಿತದಿಂದ ಒಳಗಿನ ಗಾಳಿಯ ಗುಳ್ಳೆಗಳು ಹೊರಬಿದ್ದು, ಬಿರುಕುಗಳು ಮುಚ್ಚಿ, ನೀರು ಇಳಿಯಲು ದಾರಿ ಉಳಿಯುವುದಿಲ್ಲ. ಎಲ್ಲಕ್ಕೂ ಮೇಲೆ ಚಪ್ಪಟೆ ಹೆಂಚುಗಳ ಎರಡು ಪದರಗಳು, ನೀರು ಹರಿದುಹೋಗಲು ತುಸು ಓಟ.

ಇದರ ಒಟ್ಟು ದಪ್ಪ ಸುಮಾರು 20 ಸೆಂಟಿಮೀಟರ್. ಒಂದು ಚದರ ಮೀಟರಿಗೆ ಸುಮಾರು 360 ಕಿಲೋಗ್ರಾಂ ತೂಕ. ಈ ಅಂಕಿಯನ್ನು ನೆನಪಿನಲ್ಲಿಡಿ. ಇಷ್ಟು ಭಾರವನ್ನು ಹೊತ್ತಿರುವುದು ಮರದ ತೊಲೆಗಳು. ಅವು ಗೋಡೆಯೊಳಗೆ ಹುದುಗಿದ ತಮ್ಮ ತುದಿಗಳ ಮೇಲೆ ನಿಂತಿವೆ.

ತೊಟ್ಟಿಯೂ ಗವಾಕ್ಷಿಯೂ

ಕೋಣೆಗಳ ನಡುವಣ ತೊಟ್ಟಿ ಬರಿಯ ಅಂಗಳವಲ್ಲ. ಇರುಳಿನಲ್ಲಿ ತೆರೆದ ಆಕಾಶಕ್ಕೆ ತನ್ನ ಶಾಖವನ್ನು ಬಿಟ್ಟುಕೊಟ್ಟು ತಂಪಾದ ಗಾಳಿ ತೊಟ್ಟಿಗಿಳಿದು, ಸುತ್ತಣ ಹಜಾರಕ್ಕೆ ಹರಡುತ್ತದೆ. ಹಗಲಿನಲ್ಲಿ ಬಿಸಿಯಾದ ಗಾಳಿ ಹಗುರವಾಗಿ ಮೇಲೇರಿ ಹೋದರೆ, ಬೀದಿಯ ಬಾಗಿಲಿನಿಂದಲೂ ಹಿತ್ತಿಲಿನಿಂದಲೂ ಬೇರೆ ಗಾಳಿ ಬರುತ್ತದೆ. ಗೋಡೆಯ ಮೇಲ್ಭಾಗದ ಗವಾಕ್ಷಿಗಳು ಸೂರಿನಡಿಯಲ್ಲಿ ಸೇರಿದ ಬಿಸಿ ಗಾಳಿಗೆ ದಾರಿ. ಬೆಂಗಳೂರಿನ ಬಂಗಲೆಗಳಲ್ಲಿ ಕಿಟಕಿಯ ಮೇಲೆ ಮರದ ಪಟ್ಟಿಗಳ ಮುಂಚಾಚು ಮುಸುಕನ್ನು ಕಾಣಬಹುದು. ಮಂಕಿ ಟಾಪ್ ಎಂದು ಅದಕ್ಕೆ ಹೆಸರು. ಬಿಸಿಲನ್ನೂ ಎರಚಲನ್ನೂ ತಡೆದು ಗಾಳಿಯನ್ನು ಮಾತ್ರ ಒಳಬಿಡುವುದು ಅದರ ಕೆಲಸ.

ಮನೆ ಕೆಡುವುದೇಕೆ?

ಇಷ್ಟು ಚೆನ್ನಾಗಿ ಕಟ್ಟಿದ ಮನೆ ಕೆಡುವುದಾದರೂ ಏಕೆ? ವಯಸ್ಸಿನಿಂದ ಎಂಬುದು ಅರ್ಧ ಉತ್ತರ. ತಪ್ಪು ಚಿಕಿತ್ಸೆಯಿಂದ ಎಂಬುದು ಇನ್ನರ್ಧ, ಬಹುಶಃ ದೊಡ್ಡ ಅರ್ಧ.

ಇಟ್ಟಿಗೆಯಲ್ಲಿ ಕೂದಲಿಗಿಂತ ಸೂಕ್ಷ್ಮವಾದ ರಂಧ್ರಗಳಿವೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೆಲದ ತೇವ ಈ ರಂಧ್ರಗಳಲ್ಲಿ ಮೇಲೇರುತ್ತದೆ. ಗೋಡೆಗೆ ಸುಣ್ಣದ ಗಿಲಾವು ಇದ್ದಾಗ, ಅದೂ ಸೂಕ್ಷ್ಮ ರಂಧ್ರಗಳಿಂದ ಕೂಡಿದ್ದಾದ್ದರಿಂದ, ತೇವ ಹೊರಮೈಗೆ ಬಂದು ಗಾಳಿಗೆ ಆರಿಹೋಗುತ್ತದೆ. ನೀರಿನೊಡನೆ ಬಂದ ಲವಣಗಳು ಗಿಲಾವಿನಲ್ಲಿಯೇ ಹರಳಾಗುತ್ತವೆ. ಗಿಲಾವು ಉದುರುತ್ತದೆ, ಗೋಡೆ ಉಳಿಯುತ್ತದೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ಸುಣ್ಣ ಬಳಿಯುವ ಪದ್ಧತಿ ಅಂದಕ್ಕಷ್ಟೇ ಅಲ್ಲ, ಗೋಡೆಯ ಆರೋಗ್ಯಕ್ಕೂ ಬೇಕಾದುದು.

ಉದುರಿದ ಗಿಲಾವನ್ನು ಕಂಡು ಬೇಸತ್ತ ಮಾಲೀಕನು "ಗಟ್ಟಿಯಾಗಿರಲಿ" ಎಂದು ಸಿಮೆಂಟಿನ ಗಿಲಾವು ಮಾಡಿಸುತ್ತಾನೆ. ಒಂದೆರಡು ವರ್ಷ ಗೋಡೆ ಹೊಸದರಂತೆ ತೋರುತ್ತದೆ. ಆದರೆ ಸಿಮೆಂಟು ಸುಣ್ಣಕ್ಕಿಂತ ಬಹಳ ಬಿಗಿ. ನೆಲದಿಂದ ಏರುವ ತೇವ ನಿಲ್ಲಲಿಲ್ಲ, ಹೊರಹೋಗುವ ದಾರಿ ಮಾತ್ರ ಮುಚ್ಚಿತು. ತೇವವು ಇನ್ನೂ ಮೇಲಕ್ಕೆ ಏರುತ್ತದೆ. ಲವಣಗಳು ಗಿಲಾವಿನ ಹಿಂದೆ, ಇಟ್ಟಿಗೆಯೊಳಗೇ ಹರಳಾಗಿ, ಹಿಗ್ಗಿ, ಇಟ್ಟಿಗೆಯ ಮೈಯನ್ನು ಪುಡಿಮಾಡುತ್ತವೆ. ಒಂದು ದಿನ ಸಿಮೆಂಟಿನ ಪದರವು ಇಟ್ಟಿಗೆಯ ಚರ್ಮವನ್ನೂ ಕಿತ್ತುಕೊಂಡು ಹಾಳೆಹಾಳೆಯಾಗಿ ಬೀಳುತ್ತದೆ. ಆಗ ಎಲ್ಲರೂ ಹೇಳುವುದು: "ಹಳೆಯ ಗೋಡೆ, ಇನ್ನೇನು ಉಳಿದೀತು?"

ಎರಡನೆಯ ತಪ್ಪು ತಾರಸಿಯಲ್ಲಿ. ಸೋರಿಕೆಯನ್ನು ತಡೆಯಲು ಹಳೆಯದರ ಮೇಲೆಯೇ ನಾಲ್ಕು ಅಂಗುಲ ಸಿಮೆಂಟ್ ಕಾಂಕ್ರೀಟನ್ನು ಹಾಕಿದರೆ ಚದರ ಮೀಟರಿಗೆ 240 ಕಿಲೋಗ್ರಾಂ ಹೆಚ್ಚುವರಿ ಭಾರ ಬೀಳುತ್ತದೆ. 360 ಹೊರುತ್ತಿದ್ದ ಮುದಿ ತೊಲೆಗಳು ಈಗ 600 ಹೊರಬೇಕು. ಅಷ್ಟೇ ಅಲ್ಲ, ಸೋರಿದ ನೀರು ಕುಡಿದು ಗೋಡೆಯೊಳಗಣ ತೊಲೆಯ ತುದಿ ಅದಾಗಲೇ ಕೊಳೆತಿರಬಹುದು, ಗೆದ್ದಲು ಹಿಡಿದಿರಬಹುದು. ಅದು ಹೊರಗಿನಿಂದ ಕಾಣುವುದಿಲ್ಲ. ಹೀಗೆ ಮನೆಯನ್ನು ಉಳಿಸಲು ಹೊರಟ ಕೆಲಸವೇ ಮನೆಯಲ್ಲಿರುವವರ ಪ್ರಾಣಕ್ಕೆ ಸಂಚಕಾರ ತರಬಲ್ಲುದು. ಸೋರುವ ತಾರಸಿಗೆ ಮಾಡಬೇಕಾದುದು ಬೇರೆ. ಗೋಡೆಯ ಸಂದಿನಲ್ಲಿ ಹುಟ್ಟಿದ ಅರಳಿ, ಅತ್ತಿಯ ಸಸಿಗಳನ್ನು ಬೇರುಸಹಿತ ತೆಗೆಯಬೇಕು. ನೀರಿನ ದೋಣಿಗಳನ್ನು ಶುದ್ಧವಾಗಿಡಬೇಕು. ಒಡೆದ ಹೆಂಚುಗಳನ್ನು ಎತ್ತಿ ಸುಣ್ಣದ ಗಾರೆಯಲ್ಲಿಯೇ ಮತ್ತೆ ಕೂರಿಸಬೇಕು. ತೊಲೆಯ ತುದಿಗಳನ್ನು ಬಲ್ಲವರಿಂದ ತಟ್ಟಿ ಪರೀಕ್ಷಿಸಿಸಬೇಕು.

ಎಲ್ಲ ಹಳೆಯ ಮನೆಗಳನ್ನೂ ಉಳಿಸಲು ಸಾಧ್ಯವೆಂದು ನಾವು ಹೇಳುವುದಿಲ್ಲ. ಆದರೆ ಒಂದು ಲೆಕ್ಕವನ್ನು ಮುಂದಿಡುತ್ತೇವೆ. ಸಾಧಾರಣವಾದ ಒಂದು ಹಳೆಯ ಮನೆಯಲ್ಲಿ 40 ಘನ ಮೀಟರ್ ಗೋಡೆಯಿದೆಯೆಂದು ಇಟ್ಟುಕೊಳ್ಳೋಣ. ಘನ ಮೀಟರಿಗೆ 500 ರಂತೆ 20,000 ಇಟ್ಟಿಗೆ. ಒಂದು ಇಟ್ಟಿಗೆಯನ್ನು ಸುಡಲು ಸುಮಾರು 4 ಮೆಗಾಜೂಲ್ ಶಕ್ತಿ ಬೇಕು. ಒಟ್ಟು 80,000 ಮೆಗಾಜೂಲ್. ಅಂದರೆ ಸುಮಾರು 5 ಟನ್ ಒಣಸೌದೆ. ಈ ಸೌದೆ ಎಂದೋ ಉರಿದು ಬೂದಿಯಾಯಿತು. ಗೋಡೆ ನಿಂತಿರುವವರೆಗೆ ಆ ವೆಚ್ಚ ಸಾರ್ಥಕ. ಕೆಡವಿ ಹೊಸ ಇಟ್ಟಿಗೆ ತಂದರೆ ಮತ್ತೆ 5 ಟನ್. ಸುಣ್ಣದ ಗಾರೆಯ ಇನ್ನೊಂದು ಉಪಕಾರವೂ ಇದೆ. ಅದು ಇಟ್ಟಿಗೆಗಿಂತ ಮೆದುವಾದುದರಿಂದ, ಕೆಡವಿದಾಗಲೂ ಇಟ್ಟಿಗೆಗಳು ಇಡಿಯಾಗಿ ಬಿಡಿಸಿ ಬರುತ್ತವೆ, ಮತ್ತೊಂದು ಗೋಡೆಗೆ ಒದಗುತ್ತವೆ. ಸಿಮೆಂಟಿನ ಗೋಡೆಯಿಂದ ಬರುವುದು ಬಹುಪಾಲು ರಾಶಿ ಜಲ್ಲಿ.

ಈ ಚಿಂತನೆ ಹೊಸತೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974 ರಲ್ಲಿ ಪ್ರಾರಂಭವಾದ ಅಸ್ತ್ರ ಎಂಬ ವಿಭಾಗದ ವಿಜ್ಞಾನಿಗಳು, ಮಣ್ಣಿಗೆ ಅಲ್ಪಸ್ವಲ್ಪ ಸಿಮೆಂಟನ್ನೋ ಸುಣ್ಣವನ್ನೋ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಮಣ್ಣಿನ ಬ್ಲಾಕುಗಳನ್ನು ರೂಢಿಗೆ ತಂದರು. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಇಟ್ಟಿಗೆಗಳನ್ನು ಪಕ್ಕೆಯ ಮೇಲೆ ನಿಲ್ಲಿಸಿ, ಗೋಡೆಯ ನಡುವೆ ಗಾಳಿಯ ಪೊಳ್ಳು ಉಳಿಯುವ ಹೆಣಿಗೆಯನ್ನು ಪ್ರಚಾರಮಾಡಿದರು. ಇದರಿಂದ ಸುಮಾರು ಕಾಲು ಪಾಲು ಇಟ್ಟಿಗೆ ಉಳಿತಾಯ, ಮನೆಯೂ ತಂಪು. ಹಳೆಯ ಗೋಡೆಯನ್ನು ಓದಬಲ್ಲವರಿಗೆ ಹೊಸ ಗೋಡೆಯನ್ನು ಕಟ್ಟುವುದೂ ತಿಳಿಯುತ್ತದೆ ಎಂಬುದಕ್ಕೆ ಇವು ನಿದರ್ಶನಗಳು.

ವಿದ್ಯಾರ್ಥಿಗಳು ಮಾಡಿ ನೋಡಬಹುದಾದುದು

ವಾಚಕರೂ ಈ ಕೆಲಸದಲ್ಲಿ ಪಾಲ್ಗೊಳ್ಳಬಹುದು. ನಿಮ್ಮ ಊರಿನ ಒಂದು ಹಳೆಯ ಮನೆಯನ್ನು ಆರಿಸಿಕೊಂಡು, ಮನೆಯವರ ಅನುಮತಿ ಪಡೆದು, ಒಂದು ಟಿಪ್ಪಣಿ ಪುಸ್ತಕ, ಅಳತೆ ಪಟ್ಟಿ, ಎರಡು ಉಷ್ಣಮಾಪಕಗಳೊಡನೆ ಹೋಗಿ.

ಒಂದು: ಹತ್ತು ಇಟ್ಟಿಗೆಗಳನ್ನು ಅಳೆದು ಉದ್ದ, ಅಗಲ, ದಪ್ಪಗಳ ಸರಾಸರಿಯನ್ನು ತೆಗೆಯಿರಿ. ಹೆಣಿಗೆ ಯಾವುದೆಂದು ಚಿತ್ರ ಬರೆಯಿರಿ.

ಎರಡು: ಒಂದು ಉಷ್ಣಮಾಪಕವನ್ನು ಹೊರಗೆ ನೆರಳಿನಲ್ಲಿ, ಇನ್ನೊಂದನ್ನು ಪಡುವಣ ಕೋಣೆಯಲ್ಲಿ ಇಟ್ಟು, ಬೆಳಗಿನಿಂದ ರಾತ್ರಿ ಹತ್ತರವರೆಗೆ ಗಂಟೆಗೊಮ್ಮೆ ಗುರುತು ಹಾಕಿಕೊಳ್ಳಿ. ಎರಡು ನಕ್ಷೆಗಳ ಶಿಖರಗಳ ನಡುವೆ ಎಷ್ಟು ಗಂಟೆಗಳ ಅಂತರವಿದೆಯೆಂದು ನೋಡಿ. ಕಾಂಕ್ರೀಟಿನ ಮನೆಯೊಂದರಲ್ಲಿ ಇದನ್ನೇ ಮಾಡಿ ಹೋಲಿಸಿ.

ಮೂರು: ಉದುರಿದ ಗಾರೆಯ ಚೂರಿನ ಮೇಲೆ ನಿಂಬೆರಸವನ್ನು ಹನಿಸಿ. ಗುಳ್ಳೆಗಳು ಎದ್ದರೆ, ಗಾಳಿಯಿಂದ ಹೀರಿಕೊಂಡಿದ್ದ ಅನಿಲವನ್ನು ಸುಣ್ಣ ಮತ್ತೆ ಬಿಟ್ಟುಕೊಡುತ್ತಿದೆಯೆಂದು ತಿಳಿಯಿರಿ.

ನಾಲ್ಕು: ಮನೆಯ ತಳನಕ್ಷೆಯನ್ನು ಅಳತೆಗೆ ತಕ್ಕಂತೆ ಬರೆದು, ತೊಲೆ ಎಲ್ಲಿದೆ, ಕಮಾನು ಎಲ್ಲಿದೆ, ತೇವ ಎಷ್ಟು ಎತ್ತರಕ್ಕೆ ಏರಿದೆ ಎಂಬುದನ್ನು ಗುರುತಿಸಿ. ಅದರ ಒಂದು ಪ್ರತಿಯನ್ನು ಮನೆಯವರಿಗೆ ಕೊಡಿ.

ಮುಂದೊಂದು ದಿನ ಆ ಮನೆ ಇರದೆ ಹೋಗಬಹುದು. ಆಗ ಅದು ಹೇಗೆ ನಿಂತಿತ್ತು ಎಂಬುದಕ್ಕೆ ನಿಮ್ಮ ಪುಸ್ತಕವೇ ಸಾಕ್ಷಿಯಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ಸಿಮೆಂಟಿನ ಚೀಲವನ್ನು ಬಿಚ್ಚುವ ಮುನ್ನ ಮನೆಯ ಯಜಮಾನನು ನಿಮ್ಮ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿದರೆ, ಮನೆ ಇನ್ನೊಂದು ತಲೆಮಾರಿನವರೆಗೆ ನಿಂತೀತು.